ನರ್ಸರಿ ಕೆಲಸಕ್ಕೆ ಸೇರಿ 3 ತಿಂಗಳು: ಈ ಗಿಡದ ಹುಚ್ಚು ಹೀಗೇ ಇರುತ್ತಾ, ಇಳಿಯುತ್ತಾ?

ಮಸಾರಿ_ಮಣ್ಣು (ಧಾರವಾಡ) ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಪ್ರಶ್ನೆ ಸ್ವಲ್ಪ ಉದ್ದ ಆಗಿದೆ, ಚಹಾ ಇಟ್ಟುಕೊಂಡು ಓದಿ.

ನನಗೆ 29 ವರ್ಷ. ಬಿ.ಕಾಂ. ಮುಗಿಸಿ ಹುಬ್ಬಳ್ಳಿಯ ಒಂದು ಫೈನಾನ್ಸ್ ಆಫೀಸಿನಲ್ಲಿ 4 ವರ್ಷ ಇದ್ದೆ. ಬೆಳಿಗ್ಗೆ ಚಿಗರಿ ಬಸ್ಸು, ಸಂಜೆ ಚಿಗರಿ ಬಸ್ಸು, ನಡುವೆ ಕಂತು ಕಟ್ಟದವರಿಗೆ ಫೋನು. ಮೇ ಕೊನೆಗೆ ಬಿಟ್ಟೆ. ಈಗ ಧಾರವಾಡದಿಂದ ಕಲಘಟಗಿ ಕಡೆ ಹೋಗುವ ರಸ್ತೆಯಲ್ಲಿ ಒಂದು ನರ್ಸರಿಯಲ್ಲಿ ಕೆಲಸ. ಸಂಬಳ ಮೊದಲಿನದರ ಅರ್ಧಕ್ಕಿಂತ ಚೂರು ಜಾಸ್ತಿ. ಲೆಕ್ಕ ಬರೆಯಲಿಕ್ಕೆ ಅಂತ ತೆಗೆದುಕೊಂಡರು, ಒಂದೇ ವಾರಕ್ಕೆ ಲೆಕ್ಕದ ಪುಸ್ತಕ ಮೂಲೆ ಸೇರಿತು, ನಾನು ಚೀಲಕ್ಕೆ ಮಣ್ಣು ತುಂಬುತ್ತಾ ಕೂತೆ. ಅವ್ವ "ಓದಿ ಓದಿ ಮಣ್ಣ ಹೊರಾಕ ಹೊಂಟ್ಯಾ?" ಅಂದವಳು ಆಮೇಲೆ ಆ ವಿಷಯವನ್ನೇ ಎತ್ತಿಲ್ಲ. ಅದು ಬೈಗುಳಕ್ಕಿಂತ ಕಷ್ಟ.

ನನಗೆ ಅರ್ಥ ಆಗದ್ದು ಇಲ್ಲಿನ ಮಂದಿ. ಒಂದು ದಿನ ನವನಗರದಿಂದ ಒಬ್ಬರು ಸ್ಕೂಟರಿನ ಕಾಲಿಡುವ ಜಾಗದಲ್ಲಿ ಲಿಂಬಿ ಗಿಡ ಇಟ್ಟುಕೊಂಡು ಬಂದರು. ಎಲೆ ಪೂರ್ತಿ ಹಳದಿ, ನರ ಮಾತ್ರ ಹಸಿರು. ನಮ್ಮಲ್ಲಿ 4 ಜನ ಕೈಯಲ್ಲಿದ್ದ ಕೆಲಸ ಬಿಟ್ಟು ಗಿಡದ ಸುತ್ತ ನಿಂತರು. ಮನೆಗೆ ರೋಗಿ ಬಂದ ಹಾಗೆ. ಒಬ್ಬರು ನೀರು ಜಾಸ್ತಿ ಆಗಿದೆ ಅಂದರು. ಒಬ್ಬರು ಕಬ್ಬಿಣದ ಕೊರತೆ ಅಂದರು. ನನ್ನ ಜೊತೆ ಚೀಲಕ್ಕೆ ಮಣ್ಣು ತುಂಬುವ ಮಾವಶಿ ಮಾತ್ರ ಮಣ್ಣು ಉಗುರಲ್ಲಿ ಕೆದರಿ "ಇದು ಎರಿ ಮಣ್ಣು, ಸುಣ್ಣ ಐತಿ, ಮೇಲೆ ಬೋರಿನ ನೀರು, ಲಿಂಬಿ ಹೆಂಗ ಬದುಕತೈತಿ?" ಅಂದರು. ಅರ್ಧ ಗಂಟೆ ವಾದ. ಕೊನೆಗೆ ಮಣ್ಣು ಬದಲಿಸಿ ಕಳಿಸಿದರು. ದುಡ್ಡು ಕೇಳಲೇ ಇಲ್ಲ. ಆ ಸ್ಕೂಟರಿನವರು ಆ ಗಿಡವನ್ನು ನಮ್ಮಲ್ಲಿ ಕೊಂಡವರೂ ಅಲ್ಲ.

ಇನ್ನೊಂದು. ನಮ್ಮಲ್ಲಿಂದ 2 ಕಿಲೋಮೀಟರ್ ದೂರದಲ್ಲಿ ಇನ್ನೊಂದು ನರ್ಸರಿ ಇದೆ, ಅಂದರೆ ನಮಗೆ ಎದುರಾಳಿ ಅಲ್ವಾ? ಜುಲೈನಲ್ಲಿ ನಮ್ಮಲ್ಲಿ ಆಪೂಸ್ ಮಾವಿನ ಕಸಿಕಡ್ಡಿ (ಬೇರೆ ಗಿಡಕ್ಕೆ ಕೂಡಿಸಲಿಕ್ಕೆ ಒಳ್ಳೆ ಮರದಿಂದ ಕತ್ತರಿಸಿದ ಕಡ್ಡಿ) ಸಾಲದೆ ಬಂತು. ಆ ಮಾಲೀಕರು ತಾವೇ ಒದ್ದೆ ಗೋಣಿಚೀಲದಲ್ಲಿ ಸುತ್ತಿಕೊಂಡು ಬಂದು ಕೊಟ್ಟು, ಚಹಾ ಕುಡಿದು, ನಮ್ಮ ಸಾಲುಗಳಲ್ಲಿ ಎಲೆ ಮುಟ್ಟುತ್ತಾ ಒಂದು ಸುತ್ತು ಹಾಕಿ, ಒಂದು ತಪ್ಪು ಹುಡುಕಿ ಹೇಳಿ ಹೋದರು. ನನ್ನ ಹಳೇ ಆಫೀಸಿನಲ್ಲಿ ಪಕ್ಕದ ಕುರ್ಚಿಯವರು ಗಿರಾಕಿಗಳ ಫೋನ್ ನಂಬರು ನನಗೆ ಕಾಣದಂತೆ ಕೈ ಅಡ್ಡ ಇಟ್ಟುಕೊಳ್ಳುತ್ತಿದ್ದರು.

ಸರಿ, ಪ್ರಶ್ನೆಗೆ ಬರುತ್ತೇನೆ. ಈ ಹುಚ್ಚು ಹೀಗೇ ಇರುತ್ತಾ, ಅಥವಾ ಹೊಸದರಲ್ಲಿ ಮಾತ್ರನಾ? 10, 20 ವರ್ಷ ಗಿಡದ ಜೊತೆ ಕಳೆದವರು ಹೇಳಿ. ಇನ್ನೊಂದು ಸಣ್ಣ ಪ್ರಶ್ನೆ, ನನಗೆ ಸದ್ಯಕ್ಕೆ ಇದೇ ದೊಡ್ಡದು. ಜುಲೈನಲ್ಲಿ ನಾನೇ 40 ಮಾವಿನ ಕಸಿ ಕಟ್ಟಿದೆ. ಹತ್ತಿದ್ದು 11. ಏನು ತಪ್ಪಾಯಿತು?

ಕಸಿ_ಕಾಕಾ (ಧಾರವಾಡ):

ತಂಗಿ, 40ಕ್ಕೆ 11 ಅಂದರೆ ನಾಚಿಕೆ ಪಡುವ ಲೆಕ್ಕ ಅಲ್ಲ. ನಾನು ಮೊದಲ ಸಲ 25 ಕಟ್ಟಿ 2 ಉಳಿಸಿಕೊಂಡವನು. ಅದರಲ್ಲೂ ಒಂದು, ಕಸಿ ಸತ್ತು ಬುಡದಿಂದ ಜವಾರಿ (ನಾಟಿ) ಚಿಗುರು ಬಂದದ್ದು, ಅದನ್ನೇ ಹತ್ತಿತು ಅಂತ ಕುಣಿದಿದ್ದೆ.

ಮೊದಲು ನಿಮ್ಮ ಸಣ್ಣ ಪ್ರಶ್ನೆ. ಕಡ್ಡಿ ಕತ್ತರಿಸುವ 8-10 ದಿನ ಮೊದಲು ಮರದ ಮೇಲೇ ಅದರ ಎಲೆ ತೆಗೆದಿದ್ದರಾ? ತೊಟ್ಟು ಸ್ವಲ್ಪ ಬಿಟ್ಟು ಎಲೆ ಕತ್ತರಿಸಬೇಕು. ಆಗ ತುದಿಯ ಮೊಗ್ಗು ಉಬ್ಬುತ್ತದೆ, ಕಡ್ಡಿ ಹೊರಡಲಿಕ್ಕೆ ತಯಾರಾಗಿ ನಿಂತಿರುತ್ತದೆ. ಗೋಣಿಚೀಲದಲ್ಲಿ ಬಂದ ಕಡ್ಡಿ ಹಾಗೆ ತಯಾರಾದದ್ದಾ ಇಲ್ಲವಾ ಅಂತ ನೀವು ಕೇಳಿಲ್ಲ ಅನ್ನಿಸುತ್ತದೆ. ಎರಡನೆಯದು ದಪ್ಪ. ಬೇರುಗಿಡ, ಅಂದರೆ ಕಡ್ಡಿ ಕೂಡಿಸುವ ಕೆಳಗಿನ ಗಿಡ, ಪೆನ್ಸಿಲ್ ದಪ್ಪ ಇದ್ದರೆ ಕಡ್ಡಿಯೂ ಅಷ್ಟೇ ಇರಬೇಕು. ಇಲ್ಲದಿದ್ದರೆ ಕನಿಷ್ಠ ಒಂದು ಬದಿಯಾದರೂ ಸಿಪ್ಪೆಗೆ ಸಿಪ್ಪೆ ಕೂಡಬೇಕು. ಹತ್ತುವುದು ಸಿಪ್ಪೆಯ ಕೆಳಗಿನ ಆ ತೆಳು ಹಸಿರು ಪದರ, ಒಳಗಿನ ಕಟ್ಟಿಗೆ ಅಲ್ಲ. ಬೆಣೆಯ ಹಾಗೆ ಕೆತ್ತುವಾಗ ಒಂದೇ ಎಳೆತದಲ್ಲಿ ಕೆತ್ತಿ. ಹೊಸಬರು ಪೆನ್ಸಿಲ್ ಚೂಪು ಮಾಡಿದ ಹಾಗೆ ನಾಲ್ಕು ಸಲ ಕೆತ್ತುತ್ತಾರೆ, ಮೈ ಏರುಪೇರಾಗುತ್ತದೆ, ನಡುವೆ ಗಾಳಿ ಉಳಿಯುತ್ತದೆ. ಕೆತ್ತಿದ ಮೇಲೆ ಬೆರಳಿನಿಂದ ಮುಟ್ಟಿ ನೋಡುವ ಚಟ ಇದ್ದರೆ ಇವತ್ತೇ ಬಿಡಿ. ಪ್ಲಾಸ್ಟಿಕ್ ಪಟ್ಟಿ ಬಿಗಿಯಾಗಿ ಸುತ್ತಿ, ಕಡ್ಡಿಯ ಮೇಲೆ ಸಣ್ಣ ಪ್ಲಾಸ್ಟಿಕ್ ಚೀಲದ ಟೊಪ್ಪಿಗೆ ಹಾಕಿ. ಚಿಗುರು ಕಂಡಿತು ಅಂತ ಟೊಪ್ಪಿಗೆ ಬೇಗ ತೆಗೆಯಬೇಡಿ. ಕಡ್ಡಿಯಲ್ಲಿ ಉಳಿದ ರಸದಲ್ಲೇ ಅದು ನಾಲ್ಕು ದಿನ ಚಿಗುರುತ್ತದೆ, ಹೊಸಬರಿಗೆ ಖುಷಿ ಕೊಟ್ಟು ಆಮೇಲೆ ಒಣಗುತ್ತದೆ.

ಇನ್ನು ದೊಡ್ಡ ಪ್ರಶ್ನೆ. ನಾನು 27 ವರ್ಷದಿಂದ ಕಸಿ ಕಟ್ಟುತ್ತಿದ್ದೇನೆ. ಹುಚ್ಚು ಇಳಿಯುತ್ತದೆ, ಸುಳ್ಳು ಹೇಳುವುದಿಲ್ಲ. ನನಗೆ ಮೂರನೇ ವರ್ಷ ಇಳಿಯಿತು. ದಿನಕ್ಕೆ 200, 250 ಕಟ್ಟುವಾಗ ಅದು ಮಾವು ಅಂತಲೂ ಅನ್ನಿಸುವುದಿಲ್ಲ, ಸುಮ್ನೆ ಕೈ ಓಡುತ್ತದೆ. ಆಮೇಲೆ ಒಂದು ದಿನ ಕೆಲಗೇರಿ ಕಡೆ ಬಸ್ಸಿನಲ್ಲಿ ಹೋಗುವಾಗ ಯಾರದೋ ತೋಟದಲ್ಲಿ ನಾನು ಕಟ್ಟಿದ ಗಿಡಗಳು ಹೂ ಬಿಟ್ಟು ನಿಂತಿದ್ದವು. ನನ್ನವು ಅಂತ ಹೇಗೆ ಗೊತ್ತು ಅನ್ನಬೇಡಿ, ಆ ತೋಟಕ್ಕೆ ಗಿಡ ಇಳಿಸಿದ್ದು ನಾನೇ. ಅವತ್ತಿನಿಂದ ಬಸ್ಸು ಹತ್ತಿದರೆ ಕಿಟಕಿ ಸೀಟೇ ಬೇಕು. ಮಂದಿ ಹೊಲದ ಗಿಡ ಎಣಿಸುತ್ತೇನೆ. "ನಿಮ್ಮ ಜೊತಿ ಊರಿಗೆ ಹೊಂಟರ ಬರೇ ಗಿಡದ ಹಾಜರಿ" ಅಂತ ನಮ್ಮ ಮನೆಯವರು ಬೈಯುತ್ತಾರೆ.

ಎದುರಾಳಿ ಯಾಕೆ ಕಡ್ಡಿ ಕೊಟ್ಟರು ಅಂತ ನಿಮಗೆ ಅಚ್ಚರಿ. ಮಾವಿನ ಕಸಿ ಆಗುವುದು ಮಳೆಗಾಲದ ಮೂರು ತಿಂಗಳು, ಗಾಳಿಯಲ್ಲಿ ತೇವ ಇದ್ದಾಗ. ಈ ವರ್ಷ ನಿಮ್ಮಲ್ಲಿ ಕಡ್ಡಿ ಇಲ್ಲ, ಮುಂದಿನ ವರ್ಷ ಅವರಲ್ಲಿ ಆಳು ಇರುವುದಿಲ್ಲ. ಕಾಯುತ್ತೇನೆ ಅಂದರೆ ವರ್ಷವೇ ಹೋಯಿತು. ಹಾಗಾಗಿ ಕೊಡುತ್ತೇವೆ. ಚಾಕು ಮಾತ್ರ ಕೊಡುವುದಿಲ್ಲ. ನನ್ನ ಕಸಿ ಚಾಕು ನನ್ನ ಮಗನೂ ಮುಟ್ಟುವ ಹಾಗಿಲ್ಲ. ಗಿಡ ಕೇಳಿ, ಕಡ್ಡಿ ಕೇಳಿ, ಊಟ ಕೇಳಿ, ಚಾಕು ಕೇಳಬೇಡಿ.

ಸೆಪ್ಟೆಂಬರಿನಲ್ಲಿ ಕೃಷಿ ವಿಶ್ವವಿದ್ಯಾಲಯದ ಮೇಳಕ್ಕೆ ಬನ್ನಿ. ನಾವು ಕಸಿಯವರೆಲ್ಲಾ ಅಲ್ಲಿ ಸೇರುತ್ತೇವೆ. ಏನೂ ಕೊಳ್ಳುವುದಿಲ್ಲ. ಇನ್ನೊಬ್ಬರ ಕಸಿಯ ಗಂಟು ನೋಡಿ ತಪ್ಪು ಹುಡುಕುವುದು, ಮಿರ್ಚಿ ತಿನ್ನುವುದು, ಅಷ್ಟೇ ಕಾರ್ಯಕ್ರಮ.

ಮೊದಲು_ಬಿಲ್_ಕೊಡಿ (ಹುಬ್ಬಳ್ಳಿ):

ಕಾಕಾ ಹೇಳಿದ್ದೆಲ್ಲಾ ಚೆಂದ. ನಾನು ಸ್ವಲ್ಪ ಕಹಿ ಮಾತಾಡುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ನಾನು 12 ವರ್ಷ ಮನೆ, ಆಸ್ಪತ್ರೆ, ಲೇಔಟುಗಳಿಗೆ ತೋಟ ಮಾಡಿಕೊಟ್ಟವನು. ಈ "ಗಿಡದ ಮೇಲಿನ ಪ್ರೀತಿ" ಅನ್ನುವ ಮಾತು ಕೇಳಿದರೆ ಮೊದಲು ಜೇಬು ಮುಟ್ಟಿ ನೋಡಿಕೊಳ್ಳುತ್ತೇನೆ. "ನಿಮಗ ಗಿಡ ಅಂದ್ರ ಪ್ರಾಣ ಅಲ್ರಿ, ಇದೊಂದು ಸಣ್ಣ ಕೆಲಸ ಮಾಡಿಕೊಡ್ರಿ" ಅಂತ ದುಡ್ಡಿಲ್ಲದೆ ಕೆಲಸ ಮಾಡಿಸಿಕೊಂಡವರು ಎಷ್ಟು ಮಂದಿ! ಪ್ಲಂಬರನಿಗೆ ಯಾರಾದರೂ ನಿಮಗೆ ನಲ್ಲಿ ಅಂದರೆ ಪ್ರಾಣ ಅಲ್ವಾ ಅನ್ನುತ್ತಾರಾ?

ಅರ್ಧ ಸಂಬಳ ಅಂದಿರಿ. ಪಿ.ಎಫ್. ಇದೆಯಾ? ಔಷಧಿ ಹೊಡೆಯುವಾಗ ಕೈಗವಸು, ಮುಖಕ್ಕೆ ಮಾಸ್ಕು ಕೊಡುತ್ತಾರಾ? ಮಣ್ಣು ತುಂಬುವ ಮಾವಶಿಯ ಮೊಣಕಾಲು ಹೇಗಿದೆ ಅಂತ ಒಮ್ಮೆ ಕೇಳಿ. ಇಡೀ ದಿನ ಕುಕ್ಕರಗಾಲಲ್ಲಿ ಕೂತವರ ಮೊಣಕಾಲು 50ಕ್ಕೇ ಮುಗಿದಿರುತ್ತದೆ. ಅವರಿಗೆ ಒಂದು ಎತ್ತರದ ಮೇಜು ಹಾಕಿಸಿಕೊಟ್ಟರೆ, ನಿಂತು ತುಂಬಬಹುದು. ಕಸಿಕಡ್ಡಿ ಕೊಡುವುದಷ್ಟೇ ಸ್ನೇಹ ಅಲ್ಲ, ಇದೂ ಸ್ನೇಹವೇ.

ಇನ್ನು ಎಲ್ಲಾ ಗಿಡದವರೂ ದೇವರಲ್ಲ. ನಮ್ಮ ಮಾವನ ಹೊಲಕ್ಕೆ ಒಂದು ಕಡೆಯಿಂದ ಆಪೂಸ್ ಅಂತ 60 ಸಸಿ ತಂದೆವು. ಐದನೇ ವರ್ಷ ಫಲ ಬಂತು. 22 ಗಿಡ ಜವಾರಿ ಹುಳಿ ಮಾವು! ಕಸಿ ಸತ್ತು ಬುಡ ಚಿಗುರಿದ್ದನ್ನೇ ನೋಡದೆ ಮಾರಿದ್ದರೋ, ಬೇಕೆಂದೇ ಕೊಟ್ಟರೋ ಗೊತ್ತಿಲ್ಲ. ಕೇಳಲಿಕ್ಕೆ ಹೋದರೆ ಅಲ್ಲಿ ನರ್ಸರಿಯೇ ಇರಲಿಲ್ಲ, ಟೈಲ್ಸ್ ಅಂಗಡಿ ಇತ್ತು. ಬೇರೆ ಸಾಮಾನಾದರೆ ಮರುದಿನ ವಾಪಸ್ ಕೊಡಬಹುದು. ಗಿಡದಲ್ಲಿ ಮೋಸ ಗೊತ್ತಾಗುವುದು ಐದು ವರ್ಷಕ್ಕೆ.

ಆದ್ದರಿಂದ ನನ್ನ ಸಲಹೆ. ಮೂಲೆಗೆ ಹಾಕಿದ ಆ ಲೆಕ್ಕದ ಪುಸ್ತಕ ತೆಗೆಯಿರಿ. ಯಾವ ತಾಯಿಮರದ ಕಡ್ಡಿ, ಯಾರು ಕಟ್ಟಿದ್ದು, ಯಾವ ದಿನ, ಎಷ್ಟು ಹತ್ತಿತು, ಯಾರಿಗೆ ಹೋಯಿತು, ಎಲ್ಲಾ ಬರೆಯಿರಿ. ಕಸಿ ಕಟ್ಟುವವರು ನೂರು ಜನ ಸಿಗುತ್ತಾರೆ, ಬರೆದಿಡುವವರು ಸಿಗುವುದಿಲ್ಲ. ನಿಮ್ಮ ಬಿ.ಕಾಂ. ವ್ಯರ್ಥ ಆಗಿಲ್ಲ ಅಂತ ಅವ್ವನಿಗೂ ಹೇಳಬಹುದು.

ಎರಡು_ಎಸಳು (ರಾಣೆಬೆನ್ನೂರು ಕಡೆ):

ನನ್ನದು ನರ್ಸರಿ ಅಲ್ಲ, ಬೀಜದ ಪ್ಲಾಟು. ನಮ್ಮ ಕಡೆ ಟೊಮೆಟೊ, ಡೊಣ್ಣೆಮೆಣಸಿನಕಾಯಿ ಹೈಬ್ರಿಡ್ ಬೀಜ ಮಾಡಿಸುವ ಕೆಲಸ ಊರೂರಲ್ಲಿ ಇದೆ. 14 ವರ್ಷದಿಂದ ಕ್ರಾಸಿಂಗ್ ಮಾಡುತ್ತೇನೆ, ಈಗ 9 ಹೆಣ್ಣುಮಕ್ಕಳ ಗುಂಪಿಗೆ ನಾನೇ ಮೇಸ್ತ್ರಿ.

ಗೊತ್ತಿಲ್ಲದವರಿಗೆ ಹೇಳುತ್ತೇನೆ. ಹೆಣ್ಣು ಸಾಲು ಬೇರೆ, ಗಂಡು ಸಾಲು ಬೇರೆ. ನಾಳೆ ಅರಳುವ ಮೊಗ್ಗನ್ನು ಇವತ್ತು ಸಂಜೆ ಹುಡುಕಿ, ಚಿಮಟದಿಂದ ಬಿಡಿಸಿ, ಒಳಗಿನ ಗಂಡು ಭಾಗ ಪೂರ್ತಿ ತೆಗೆಯಬೇಕು. ಹೆಣ್ಣು ಭಾಗಕ್ಕೆ ಗಾಯ ಆಗಬಾರದು. ಒಂದು ಚೂರು ಉಳಿದರೂ ಅದು ತನ್ನದೇ ಪರಾಗ ತಾನು ಹಚ್ಚಿಕೊಳ್ಳುತ್ತದೆ. ಮರುದಿನ ಬೆಳಿಗ್ಗೆ ಗಂಡು ಸಾಲಿನ ಹುಡಿ ತಂದು ಒಂದೊಂದಕ್ಕೂ ಮುಟ್ಟಿಸಬೇಕು. ಮುಟ್ಟಿಸಿದ ಹೂವಿನ ಹಸಿರು ಎಸಳಲ್ಲಿ ಎರಡನ್ನು ಕತ್ತರಿಸುತ್ತೇವೆ. ಅದು ಗುರುತು. ಹಣ್ಣಾದಾಗ ಆ ಗುರುತು ಇದ್ದರೆ ಮಾತ್ರ ಬೀಜಕ್ಕೆ, ಇಲ್ಲದಿದ್ದರೆ ಎಷ್ಟೇ ಚೆಂದ ಇದ್ದರೂ ಬೇಡ. ನನ್ನ ಹೆಸರು ಯಾಕೆ ಹೀಗಿದೆ ಅಂತ ಇಲ್ಲಿ ಒಬ್ಬರು ಹಿಂದೆ ಕೇಳಿದ್ದರು, ಅದಕ್ಕೆ ಉತ್ತರ ಇದೇ.

ಮೊಗ್ಗಿಗೆ ರಜೆ ಗೊತ್ತಿಲ್ಲ. ಅಮಾವಾಸ್ಯೆ ಇದೆ, ಮಗುವಿಗೆ ಜ್ವರ ಇದೆ, ಮದುವೆ ಇದೆ ಅಂದರೆ ಅದು ನಿಲ್ಲುವುದಿಲ್ಲ, ಅರಳಿಯೇ ಬಿಡುತ್ತದೆ. ನನ್ನ ಎರಡನೇ ಮಗ ಹುಟ್ಟಿದ ವರ್ಷ ನನ್ನ ಸಾಲನ್ನು ಉಳಿದ 8 ಜನ ಹಂಚಿಕೊಂಡು 20 ದಿನ ಮಾಡಿದರು. ಯಾರೂ ಹೇಳಿರಲಿಲ್ಲ. ನನ್ನ ಸಾಲಿನ ಹೂ ಹಾಳಾದರೆ ನಮ್ಮ ಗುಂಪಿನ ಹೆಸರು ಹಾಳು ಅನ್ನುವುದೂ ಇತ್ತು, ಪ್ರೀತಿಯೂ ಇತ್ತು, ಎರಡನ್ನೂ ಬೇರೆ ಬೇರೆ ಮಾಡಿ ಹೇಳಲಿಕ್ಕೆ ನನಗೆ ಬರುವುದಿಲ್ಲ.

ಬೆಳಿಗ್ಗೆ ಪ್ಲಾಟಿನ ನೆಟ್ (ಬಲೆಯ ಪರದೆ) ಒಳಗೆ ಹೋದರೆ ನಮ್ಮದೇ ಲೋಕ. ಈ ಹೆಣ್ಣಿಗೆ ಈ ಗಂಡು ಅಂತ ದಿನಾ ಮದುವೆ ಮಾಡಿಸುವವರು ನಾವು, ಹಾಗಾಗಿ ಎಲ್ಲರೂ ಬೀಗರು! ಒಬ್ಬಳು ನಿಧಾನ ಆದರೆ "ಏನs, ಕನ್ಯಾ ಒಪ್ಪವಲ್ಲದೇನು?" ಅಂತ ಛೇಡಿಸುತ್ತೇವೆ. ಮನೆಯಲ್ಲಿ ಹೇಳಲಾಗದ್ದನ್ನೆಲ್ಲಾ ಅಲ್ಲಿ ಹೇಳಿಕೊಳ್ಳುತ್ತೇವೆ. ಕಣ್ಣು ಹೂವಿನ ಮೇಲೆ ಇರುತ್ತದೆ, ಯಾರೂ ಯಾರ ಮುಖ ನೋಡುವುದಿಲ್ಲ, ಅದಕ್ಕೇ ಹೇಳಲಿಕ್ಕೆ ಸುಲಭ.

ಬಿಲ್ ಅಣ್ಣಾ ಹೇಳಿದ್ದು ಖರೆ. ಹಣ್ಣು ಹಿಸುಕಿ, ರಸ ಹುಳಿ ಬರಿಸಿ, ತೊಳೆದು, ಒಣಗಿಸಿ ಕೊಟ್ಟ ಮೇಲೂ ಬೀಜವನ್ನು ಬೆಳೆಸಿ ನೋಡಿ ಶುದ್ಧ ಇದೆಯಾ ಅಂತ ಪರೀಕ್ಷೆ ಮಾಡುತ್ತಾರೆ. ಅದರ ಫಲಿತಾಂಶ ಬರಲಿಕ್ಕೆ ತಿಂಗಳುಗಟ್ಟಲೆ ಬೇಕು. ಫೇಲಾದರೆ ರೈತನ ಕೈಗೆ ದುಡ್ಡಿಲ್ಲ. ಒಂದು ವರ್ಷ ಹಾಗೆ ಆಯಿತು. ಕೂಲಿ ನಮಗೆ ಮೊದಲೇ ಸಿಕ್ಕಿತ್ತು, ಆದರೂ ಆ ರೈತನ ಮನೆ ಮುಂದೆ ಹಾದುಹೋಗಲಿಕ್ಕೆ ಮುಜುಗರ. ಮುಂದಿನ ಹಂಗಾಮಿಗೆ ನಾವೆಲ್ಲಾ ಮೊದಲು ಅವನ ಪ್ಲಾಟಿಗೇ ಹೋದೆವು.

ನಾವು ಮಾಡಿದ ಬೀಜ ಎಲ್ಲಿ ಗಿಡ ಆಗುತ್ತದೆ, ನೋಡಿಲ್ಲ. ಕಾಕಾ ಅವರ ಹಾಗೆ ಬಸ್ಸಿನ ಕಿಟಕಿಯಿಂದ ಎಣಿಸುವ ಭಾಗ್ಯ ನಮಗಿಲ್ಲ. ಸಂತೆಯಲ್ಲಿ ಒಳ್ಳೆ ಟೊಮೆಟೊ ಕಂಡರೆ ಕೈಗೆ ತೆಗೆದುಕೊಂಡು ತಿರುಗಿಸಿ ನೋಡುತ್ತೇನೆ, ಅಷ್ಟೇ.

ಮಾಳಿಗೆ_ತೋಟ (ವಿದ್ಯಾನಗರ, ಹುಬ್ಬಳ್ಳಿ):

ನಾನು ಕೆಲಸಕ್ಕೆ ಗಿಡ ಮಾಡುವವಳಲ್ಲ, ಹವ್ಯಾಸ. ಮಾಳಿಗೆ ಮೇಲೆ 130 ಕುಂಡ. ನನ್ನ ಗಂಡ ಎಣಿಸಿದ್ದು, ನಾನು ಎಣಿಸಿದರೆ ಕಡಿಮೆ ಹೇಳುತ್ತೇನೆ.

ನಮ್ಮ ಓಣಿಯಲ್ಲಿ 14 ಮನೆಗಳಲ್ಲಿ ಬ್ರಹ್ಮಕಮಲ ಇದೆ. ಎಲ್ಲಾ ಒಂದೇ ಎಲೆಯ ಸಂತಾನ, ಮೂರನೇ ಮನೆಯ ವೈನಿ ಶಿರಸಿಯಿಂದ ಒದ್ದೆ ಪೇಪರಿನಲ್ಲಿ ಸುತ್ತಿ ತಂದದ್ದು. ಮಳೆಗಾಲದಲ್ಲಿ ಒಂದು ರಾತ್ರಿ ಒಬ್ಬರ ಮನೆಯಲ್ಲಿ ಅರಳಿದರೆ ಉಳಿದವರಲ್ಲೂ ಅವತ್ತೋ ಮರುದಿನವೋ ಅರಳುತ್ತದೆ. ರಾತ್ರಿ 10 ಆದ ಮೇಲೆ ಗ್ರೂಪಿನಲ್ಲಿ ಮೆಸೇಜು: "ಬಾಯಿ ಬಿಡಾಕ ಹತ್ತೇತಿ, ಬರ್ರಿ." ನೈಟಿ, ಲುಂಗಿ, ಹೇಗಿದ್ದೇವೋ ಹಾಗೆ ಮನೆ ಮನೆ ಸುತ್ತುತ್ತೇವೆ. ಯಾರೋ ಅವಲಕ್ಕಿ ಹಚ್ಚುತ್ತಾರೆ. ಕಸದ ವಿಷಯಕ್ಕೆ ಮಾತು ಬಿಟ್ಟ ಎರಡು ಮನೆಯವರು ಅವತ್ತು ಮಾತ್ರ ಒಂದೇ ಕುಂಡದ ಮುಂದೆ ನಿಂತಿರುತ್ತಾರೆ. ಬೆಳಿಗ್ಗೆ ಹೂವೂ ಮುದುಡಿರುತ್ತದೆ, ಮಾತೂ ಮುದುಡಿರುತ್ತದೆ, ಅದು ಬೇರೆ.

2024ರ ಬೇಸಿಗೆಯಲ್ಲಿ ನಮ್ಮ ಓಣಿಗೆ ವಾರಕ್ಕೊಮ್ಮೆ ನೀರು. ಕುಡಿಯಲಿಕ್ಕಾ, ಗಿಡಕ್ಕಾ? ಬಟ್ಟೆ ಒಗೆದ ನೀರು, ಅಕ್ಕಿ ತೊಳೆದ ನೀರು ಹಾಕಿ ಹಾಕಿ ಅರ್ಧ ಉಳಿಸಿದೆ. ನಮ್ಮತ್ತೆ ಹಚ್ಚಿದ್ದ ಒಂದು ಕೇಸರಿ ಬಣ್ಣದ ದಾಸವಾಳ ಹೋಯಿತು. ಅತ್ತೆ ಇಲ್ಲ, ಗಿಡವೂ ಹೋಯಿತು ಅಂತ ಅತ್ತುಬಿಟ್ಟೆ. ಮಳೆ ಶುರುವಾದ ಮೇಲೆ ಕೇಶ್ವಾಪುರದಿಂದ ಒಬ್ಬರು ಫೋನ್ ಮಾಡಿ "ನಿಮ್ಮ ದಾಸವಾಳ ನಮ್ಮಲ್ಲಿ ಭಾಳ ಬೆಳದೈತಿ, ಕಡದ ಕಡ್ಡಿ ಬೇಕೇನು?" ಅಂದರು. ಅವರಿಗೆ ಯಾವಾಗ ಕೊಟ್ಟಿದ್ದೆ ಅಂತ ನನಗೆ ನೆನಪೇ ಇರಲಿಲ್ಲ. ಆವತ್ತಿನಿಂದ ಯಾರು ಕೇಳಿದರೂ ಇಲ್ಲ ಅನ್ನುವುದಿಲ್ಲ. ದಾನ ಅಲ್ಲ ಇದು, ಊರ ತುಂಬ ನನ್ನ ಗಿಡದ ಠೇವಣಿ ಇಡುತ್ತಿದ್ದೇನೆ. ಫೈನಾನ್ಸಿನಲ್ಲಿ ಇದ್ದವರಿಗೆ ಇದು ಗೊತ್ತಾಗುತ್ತದೆ ಅಲ್ವಾ!

ಹಳೇ_ಮಾಸ್ತರ (ಗದಗ):

ಮಾಳಿಗೆ ತೋಟದವರೇ, ಕ್ಷಮೆ ಇರಲಿ, ಬಾಯಿ ಮುಚ್ಚಿಕೊಂಡು ಇರಲಿಕ್ಕೆ ಆಗಲಿಲ್ಲ. ನಿಮ್ಮದು ಬ್ರಹ್ಮಕಮಲ ಅಲ್ಲ. ಅಸಲು ಬ್ರಹ್ಮಕಮಲ ಹಿಮಾಲಯದ್ದು, ಸೂರ್ಯಕಾಂತಿಯ ಕುಟುಂಬ. ನಿಮ್ಮ ಕುಂಡದಲ್ಲಿ ಇರುವುದು ಮೆಕ್ಸಿಕೊ, ಮಧ್ಯ ಅಮೆರಿಕದ ಕಡೆಯಿಂದ ಬಂದ ಕಳ್ಳಿ. ನೀವು ಎಲೆ ಅನ್ನುವುದೂ ಎಲೆ ಅಲ್ಲ, ಚಪ್ಪಟೆಯಾದ ಕಾಂಡ. ಅದಕ್ಕೇ ಅದನ್ನು ನೆಟ್ಟರೆ ಬೇರು ಬರುತ್ತದೆ.

ಎರಡು ಎಸಳು ಅವರೇ, ನಿಮ್ಮ ಕೈಯ ಕೆಲಸಕ್ಕೆ ಧಾರವಾಡದ ನಂಟು ಇದೆ. ಹತ್ತಿಯ ಎರಡು ಬೇರೆ ಬೇರೆ ಜಾತಿಗಳನ್ನು ಕೂಡಿಸಿ ವರಲಕ್ಷ್ಮಿ ಅನ್ನುವ ಹೈಬ್ರಿಡ್ ಬಂದದ್ದು 1972ರಲ್ಲಿ, ಧಾರವಾಡದ ಸಂಶೋಧನಾ ಕೇಂದ್ರದಲ್ಲಿ, ಡಾ. ಬಿ. ಎಚ್. ಕಾತರಕಿ ಅವರ ಕೆಲಸ. 1981ರ ಡಿಸಿಎಚ್-32, ಅಂದರೆ ಜಯಲಕ್ಷ್ಮಿಯೂ ಅವರದ್ದೇ. ಆ ಬೀಜವೂ ಹೀಗೇ, ಮಧ್ಯಾಹ್ನ ಮೊಗ್ಗು ಬಿಡಿಸಿ ಬೆಳಿಗ್ಗೆ ಹುಡಿ ಮುಟ್ಟಿಸಿ ಆಗಬೇಕು. ತಳಿಯ ಜೊತೆ ತಳಿ ಮಾಡಿದವರ ಹೆಸರು ಉಳಿಯುತ್ತದೆ, ಮೊಗ್ಗು ಬಿಡಿಸಿದವರ ಹೆಸರು ಎಲ್ಲೂ ಇಲ್ಲ. ನಾನು ಪಾಠ ಮಾಡುವಾಗಲೂ ಹೇಳಲಿಲ್ಲ, ಈಗ ಅನ್ನಿಸುತ್ತಿದೆ.

ಇನ್ನು ಪ್ರಶ್ನೆ ಕೇಳಿದ ಮಗಳಿಗೆ. ನಾನು ಸಸ್ಯಶಾಸ್ತ್ರ ಕಲಿಸಿದವನು, ಸುಮಾರು 30 ವರ್ಷ ಹುಡುಗರನ್ನು ಕಪ್ಪತಗುಡ್ಡಕ್ಕೆ ಕರೆದುಕೊಂಡು ಹೋದೆ. ಒಮ್ಮೆ ಗುಡ್ಡದ ಬುಡದ ಬೇಲಿಯಲ್ಲಿ ಒಂದು ಬಳ್ಳಿ ಕಂಡಿತು. ನಾನು ಲ್ಯಾಟಿನ್ ಹೆಸರು ಹೇಳಿದೆ. ಜೊತೆಗಿದ್ದ ಗುಡ್ಡ ಕಾಯುವವರು ಅಲ್ಲ ಅಂದರು. ದಾರಿಯಲ್ಲಿ ಸಿಕ್ಕ ನಾಟಿ ವೈದ್ಯ ಅಜ್ಜ ಇಬ್ಬರಿಗೂ ಗೊತ್ತಿಲ್ಲ, ಇದು ಸಣ್ಣಗೆರಸೆ ಹಂಬು ಅಂದ. ಜಗಳ ಹತ್ತಿತು. ಕೊನೆಗೆ ಅಜ್ಜ ಎರಡು ಎಲೆ ಅಗಿಯಲಿಕ್ಕೆ ಕೊಟ್ಟು, ನನ್ನ ಚೀಲದಲ್ಲಿದ್ದ ಧಾರವಾಡ ಪೇಡೆ ತಿನ್ನು ಅಂದ. ತಿಂದೆ. ಮಣ್ಣು ತಿಂದ ಹಾಗೆ! ಸಿಹಿಯೇ ಇಲ್ಲ. ಮಧುನಾಶಿನಿ. ನಾನು ಹೇಳಿದ ಲ್ಯಾಟಿನ್ ಹೆಸರು ತಪ್ಪಾಗಿತ್ತು, ಹುಡುಗರೆಲ್ಲಾ ಸುತ್ತ ನಿಂತಿದ್ದರು. ನಾವು ಮೂವರೂ ಆಮೇಲೆ ಅಜ್ಜ ತೀರಿಕೊಳ್ಳುವವರೆಗೆ ವರ್ಷಕ್ಕೊಮ್ಮೆ ಕೂಡುತ್ತಿದ್ದೆವು. ಅಜ್ಜನ ಸ್ವಂತ ಹೆಸರು ನನಗೆ ಗೊತ್ತಾದದ್ದು ನಾಲ್ಕನೇ ವರ್ಷ. ಗಿಡದ ಹೆಸರಿಗೆ ಅಷ್ಟು ಜಗಳ ಮಾಡಿದ್ದೆವು, ಮನುಷ್ಯನ ಹೆಸರು ಕೇಳಿರಲಿಲ್ಲ.

ಅಂದ ಹಾಗೆ ಕಪ್ಪತಗುಡ್ಡ 2019ರಿಂದ ವನ್ಯಜೀವಿ ಧಾಮ. ಇದನ್ನು ಓದಿ ಯಾರೂ ಚೀಲ ಹಿಡಿದು ಬಳ್ಳಿ ಕೀಳಲಿಕ್ಕೆ ಹೋಗಬೇಡಿ.

ಮಾಳಿಗೆ_ತೋಟ:

ಮಾಸ್ತರೇ, ನಮ್ಮ ಓಣಿಯ ಗ್ರೂಪಿಗೆ ನೀವು ಬರೆದದ್ದನ್ನು ಹಾಕಿದೆ. ವೈನಿ ಒಪ್ಪಲಿಲ್ಲ. "ಕಳ್ಳಿ ಅಂದವರಿಗೆ ಮುಂದಿನ ಸಲ ಅವಲಕ್ಕಿ ಇಲ್ಲ" ಅಂದರು.

ಮಸಾರಿ_ಮಣ್ಣು (5 ವಾರದ ನಂತರ):

ತಡವಾಗಿ ಬರೆಯುತ್ತಿದ್ದೇನೆ, ಮಳೆಯಲ್ಲಿ ಪುರುಸೊತ್ತು ಇರಲಿಲ್ಲ. ಎಲ್ಲರ ಉತ್ತರ ಮಾವಶಿಗೆ ಓದಿ ಹೇಳಿದೆ. ಬೀಜದ ಪ್ಲಾಟಿನ ಅಕ್ಕನದ್ದನ್ನು ಎರಡು ಸಲ ಓದಿಸಿಕೊಂಡರು. ಮೊಣಕಾಲಿನ ವಿಷಯ ಬಂದಾಗ ಏನೂ ಅನ್ನಲಿಲ್ಲ, ಕಾಲು ಚಾಚಿ ಕೂತರು. ಮಾಲೀಕರಿಗೆ ಮೇಜಿನ ವಿಷಯ ಹೇಳಿದೆ. ಹಳೇ ಬಾಗಿಲೊಂದನ್ನು ಇಟ್ಟಿಗೆ ಮೇಲೆ ಇಟ್ಟುಕೊಟ್ಟಿದ್ದಾರೆ. ಅಲುಗಾಡುತ್ತದೆ, ಆದರೂ ಮಾವಶಿ ಈಗ ನಿಂತು ತುಂಬುತ್ತಾರೆ. ಪಿ.ಎಫ್. ಕೇಳಿದ್ದಕ್ಕೆ "ಮಳಿ ಮುಗೀಲಿ" ಅಂದಿದ್ದಾರೆ. ಮಳೆ ಮುಗಿಯುತ್ತಿದೆ, ನಾನು ಮರೆತಿಲ್ಲ.

ಕೃಷಿ ಮೇಳದಲ್ಲಿ ಕಸಿ ಕಾಕಾ ಸಿಕ್ಕರು. ಹೇಳಿದ ಹಾಗೇ ಮಿರ್ಚಿ ಕೈಯಲ್ಲಿತ್ತು. ನನ್ನ ಕೈ ಹಿಡಿದು ಗಾಳಿಯಲ್ಲೇ ಒಂದೇ ಎಳೆತದಲ್ಲಿ ಕೆತ್ತುವುದನ್ನು ಮಾಡಿ ತೋರಿಸಿದರು. ಚಾಕು ಕೊಡಲಿಲ್ಲ.

ಸೆಪ್ಟೆಂಬರ್ ಮೊದಲ ವಾರ ಎರಡನೇ ಸಲ 40 ಕಟ್ಟಿದ್ದೆ. ಎಲೆ ತೆಗೆದು 9 ದಿನ ಬಿಟ್ಟು ತಂದ ಕಡ್ಡಿ. ಲೆಕ್ಕದ ಪುಸ್ತಕದಲ್ಲಿ ತಾಯಿಮರ, ದಿನ, ಕೈ ಎಲ್ಲಾ ಬರೆದಿದ್ದೇನೆ. ಹತ್ತಿದ್ದು 26! ಅವ್ವನಿಗೆ ಆ ಪುಟ ತೋರಿಸಿದೆ. ನೋಡಿ "ಅಕ್ಷರ ದುಂಡಗ ಅದಾವು" ಅಂದಳು.

ಕಸಿ_ಕಾಕಾ:

26 ಇರಲಿ. ಉಳಿದ 14 ಯಾಕೆ ಹೋದವು ಅಂತ ಬರೆದಿದ್ದೀರಾ?

ಮಸಾರಿ_ಮಣ್ಣು:

8 ದಪ್ಪ ಕೂಡಲಿಲ್ಲ, ಅವಸರ ಮಾಡಿದೆ. 3 ಟೊಪ್ಪಿಗೆ ಬೇಗ ತೆಗೆದೆ, ತಡೆಯಲಿಕ್ಕೆ ಆಗಲಿಲ್ಲ. 2 ಗೊತ್ತಿಲ್ಲ. 1 ನರ್ಸರಿಯ ನಾಯಿ.